ಅರ್ಧ ಟಿಕೆಟ್ಟಿನ ಜೀವನಾಂಶ

ತಿಂಗಳಿಗೆ ಹದಿನಾಲ್ಕೂವರೆ ದೋಸೆ. ಮಗಳ ಖರ್ಚಿಗೆಂದು ಮಾವ ಬರೆದ ಪಟ್ಟಿಯ ಮೊದಲ ಸಾಲು ಅದು. ಮೂವತ್ತೊಂದು ದಿನದಲ್ಲಿ ಎರಡು ಏಕಾದಶಿ ಕಳೆದರೆ ಇಪ್ಪತ್ತೊಂಬತ್ತು, ಅದರಲ್ಲಿ ಅರ್ಧ. ಹನ್ನೆರಡು ವರ್ಷದ ಮಗಳಿಗೂ ಏಕಾದಶಿ ಉಪವಾಸ ಹಚ್ಚಿದ ಈ ಮಹಾನುಭಾವ ನನ್ನ ಸೋದರಮಾವ. ಅವನಷ್ಟು ನ್ಯಾಯವಂತ ಗಂಡಸು ಸಾಗರದಿಂದ ತೀರ್ಥಹಳ್ಳಿಯವರೆಗೆ ಇನ್ನೊಬ್ಬನಿಲ್ಲ. ಹಾಗೆಂದು ಅವನೇ ಹೇಳಿದ್ದಾನೆ, ಸುಳ್ಳಿರಲಾರದು!

ಮಾವ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಏಜೆಂಟ್. ಅತ್ತೆ ಅವನನ್ನು ಬಿಟ್ಟು ಮಗಳ ಜೊತೆ ತೀರ್ಥಹಳ್ಳಿಯ ತವರಿಗೆ, ಅಂದರೆ ನಮ್ಮ ಪಕ್ಕದ ಬೀದಿಗೆ, ಬಂದು ನಾಲ್ಕು ವರ್ಷವಾಗಿತ್ತು. ಆ ವರ್ಷ ಹುಡುಗಿ ಏಳನೇ ಕ್ಲಾಸು ಪಾಸಾದಳು. ಅತ್ತೆಯ ತಂದೆ, "ಅಪ್ಪ ಅನ್ನಿಸ್ಕೊಂಡವ ಖರ್ಚು ಕೊಟ್ರೆ ಹೈಸ್ಕೂಲು. ಇಲ್ದಿದ್ರೆ ಓದಿದ್ದು ಸಾಕು, ಮನೇಲಿರ್ಲಿ" ಎಂದುಬಿಟ್ಟರು. ಹಾಗಾಗಿ ಮಗುವಿನ ಜೀವನಾಂಶಕ್ಕೆಂದು ಸಾಗರದ ಕೋರ್ಟಿಗೆ ಅರ್ಜಿ. ಬಿ.ಎ. ಮುಗಿಸಿ ಮನೆಯಲ್ಲಿದ್ದ ನನಗೆ ಬರೆಯುವ, ಓಡಾಡುವ ಕೆಲಸ.

"ಅಪ್ಪನ ಸಂಪಾದನೆ ಎಷ್ಟು, ಮಗುವಿನ ಅಗತ್ಯ ಎಷ್ಟು, ಎರಡನ್ನೂ ನೋಡಿ ಮ್ಯಾಜಿಸ್ಟ್ರೇಟರು ಮೊತ್ತ ಗೊತ್ತುಮಾಡ್ತಾರೆ" ಎಂದರು ವಕೀಲರು. ಮಾವನಿಗೆ ಇಷ್ಟೆಲ್ಲ ತಾಪತ್ರಯ ಏಕೆ? ಅವನ ಬಳಿ ಬಸ್ಸಿನ ಶಾಸ್ತ್ರವೇ ಇತ್ತಲ್ಲ! ಮೂರು ವರ್ಷದೊಳಗೆ ಪುಕ್ಕಟೆ, ಹನ್ನೆರಡರೊಳಗೆ ಅರ್ಧ.

ರಾಜಿಯಾದೀತೇನೋ ಎಂದು ಒಮ್ಮೆ ಅವನಲ್ಲಿಗೆ ಹೋದೆ. ಆಗಲೇ ಆ ಪಟ್ಟಿ ಕೊಟ್ಟದ್ದು.

"ಅವಳಿಗೆ ಹನ್ನೆರಡು ತುಂಬ್ತು, ಮಾವ."

"ಸುಮ್ನಿರೇ! ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ಮೀಸೆ ಬಂದ ಮಗನಿಗೂ ತಾಯಂದ್ರು ಹನ್ನೊಂದು ಅಂತಾರೆ. ಜಾಸ್ತಿ ಹೇಳಿದ್ದು ನಿನ್ನ ಅತ್ತೆ ಒಬ್ಳೇ!"

ಏಪ್ರಿಲ್, ಮೇ ತಿಂಗಳ ಎದುರು ಸೊನ್ನೆ ಇತ್ತು.

"ಇದೆಂತ?"

"ಬೇಸಿಗೆ ರಜಾ. ಅಜ್ಜನ ಮನೇಲಿ ಉಣ್ತಾಳಲ್ಲ."

"ವರ್ಷವಿಡೀ ಅಲ್ಲೇ ಉಣ್ತಾಳಲ್ಲ ಮಾವ?"

ಮಾವ ಯೋಚಿಸಿ, ಕಿವಿಯ ಮೇಲಿನ ಪೆನ್ಸಿಲ್ಲಿಗೆ ಕೈಹಾಕಿದ. ಉಳಿದ ಹತ್ತು ತಿಂಗಳನ್ನೂ ಹೊಡೆದುಹಾಕುವ ಮೊದಲು ಪಟ್ಟಿ ಕಸಿದುಕೊಂಡು ಬಂದೆ.

ವಿಚಾರಣೆಯ ದಿನ ಆ ಪಟ್ಟಿ ಮ್ಯಾಜಿಸ್ಟ್ರೇಟರ ಕೈಯಲ್ಲಿತ್ತು. ಅವರು ಎರಡು ಸಲ ಓದಿದರು. ಆಮೇಲೆ ಬಲು ಮೆತ್ತಗೆ ಕೇಳಿದರು: "ನಿಮ್ಮ ಊಟ-ತಿಂಡಿಗೆ ತಿಂಗಳಿಗೆ ಎಷ್ಟಾಗುತ್ತೆ?"

ಕೈಯಲ್ಲಿ ಕಾಸೂ ಉಳಿಯುವುದಿಲ್ಲವೆಂದು ತೋರಿಸಲು ಮಾವ ಉಬ್ಬಿಸಿ ಹೇಳಿದ. "ಅರವತ್ತು ರೂಪಾಯಿ, ಸ್ವಾಮಿ!"

"ಅರ್ಧ ಟಿಕೆಟ್ಟಿಗೆ?"

"ಮೂವತ್ತು!"

ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ! ಬಟ್ಟೆ, ಪುಸ್ತಕಕ್ಕೆ ಐದು ಸೇರಿಸಿ ತಿಂಗಳಿಗೆ ಮೂವತ್ತೈದೆಂದು ಆದೇಶವಾಯಿತು. ತಾನು ಕೊಟ್ಟ ಸಾಕ್ಷ್ಯಕ್ಕೆ ತಾನೇ ಸೋತ ಇಂಥ ಪ್ರತಿವಾದಿಯನ್ನು ನೀವು ಕಂಡಿದ್ದೀರಾ?

ಮಧ್ಯಾಹ್ನ ಅತ್ತೆ, ಹುಡುಗಿ, ನಾನು ಮೂವರೂ ತೀರ್ಥಹಳ್ಳಿ ಬಸ್ಸು ಹತ್ತಿದರೆ ಮಾವನೂ ಹತ್ತಬೇಕೆ! ಹೊಸನಗರದಲ್ಲಿ ಕೆಲಸವಿದೆಯೆಂದು ಡ್ರೈವರಿಗೆ ಹೇಳುತ್ತಿದ್ದ. ಅವನ ಪಕ್ಕದಲ್ಲೇ ಕೂತ, ಒಮ್ಮೆಯೂ ಹಿಂದೆ ತಿರುಗಲಿಲ್ಲ. ಟಿಕೆಟ್ ಕೊಳ್ಳದೆ ಬಂದು ಮೂವತ್ತೈದರಲ್ಲಿ ಅಷ್ಟನ್ನಾದರೂ ಉಳಿಸಿಕೊಂಡನೆಂದು ನಾನು ಮನಸ್ಸಿನಲ್ಲೇ ನಕ್ಕೆ.

ಹೊಸನಗರ ಇನ್ನೂ ಎರಡು ಮೈಲಿ ಇರುವಾಗ, ಒಂದು ತಿರುವಿಗೆ ಸ್ವಲ್ಪ ಮೊದಲು ಮಾವ ಎದ್ದ. ಕಂಬಿ ಹಿಡಿಯುತ್ತ ನಮ್ಮ ಸೀಟಿಗೆ ಬಂದು ಕಿಟಕಿಯ ಪರದೆ ಮೇಲೆತ್ತಿ, ಮಗಳ ಹಣೆಗೆ ಅಂಗೈ ಒತ್ತಿ ಹಿಡಿದ. ಹುಡುಗಿ ಏನೂ ಹೇಳಿರಲಿಲ್ಲ. ಬಸ್ಸು ತಿರುಗಿತು, ಅವಳು ವಾಂತಿ ಮಾಡಿದಳು, ಅರ್ಧ ಹೊರಗೆ, ಅರ್ಧ ಅವನ ತೋಳಿಗೆ.

"ಇಲ್ಲೇ ಅಲ್ವನೇ ನಿಂಗೆ, ಯಾವಾಗ್ಲೂ."

"ಹ್ಞೂಂ, ಅಪ್ಪಯ್ಯ."

ನಾಲ್ಕು ವರ್ಷದ ಮೇಲೆ ಅವರಿಬ್ಬರು ಆಡಿದ ಮಾತು ಅಷ್ಟೇ. ಅತ್ತೆ ನೀರಿನ ಚೊಂಬು ಅವನತ್ತ ಚಾಚಿದರು, ಮುಖ ನೋಡಲಿಲ್ಲ. ಮಾವ ಮೊದಲು ಮಗಳ ಬಾಯಿ ತೊಳೆಸಿದ. ಹೊಸನಗರದಲ್ಲಿ ಇಳಿದವನು ಊರೊಳಗೆ ಹೋಗಲಿಲ್ಲ. ರಸ್ತೆ ದಾಟಿ, ಒದ್ದೆ ತೋಳು ಮಡಚಿಕೊಂಡು, ಸಾಗರದ ಬಸ್ಸಿಗೆ ಕಾಯುತ್ತ ನಿಂತ.

ಮರುದಿನ ಬೆಳಿಗ್ಗೆ ಹುಡುಗಿಯನ್ನು ಹೈಸ್ಕೂಲಿಗೆ ಕರೆದುಕೊಂಡು ಹೋಗಿ ಅರ್ಜಿ ತುಂಬಿದೆ. 'ತಂದೆ ಅಥವಾ ಪೋಷಕರು' ಎಂದಿದ್ದಲ್ಲಿ ಅಜ್ಜನ ಹೆಸರು ಹಾಕುವುದೆಂದು ಮನೆಯಲ್ಲಿ ಮಾತಾಗಿತ್ತು. ನಾನು 'ಅಥವಾ ಪೋಷಕರು' ಎಂಬುದನ್ನು ಹೊಡೆದು, ಮಾವನ ಹೆಸರು ಬರೆದೆ.