ಆಟ ಲಂಡನ್ನಿನಲ್ಲಿ, ನಾನು ಗರಾಜಿನಲ್ಲಿ

ದೇವರು ಪ್ರತಿಯೊಬ್ಬ ಮನುಷ್ಯನಿಗೂ ಒಂದಲ್ಲ ಒಂದು ಶಕ್ತಿ ಕೊಟ್ಟೇ ಭೂಮಿಗೆ ಕಳಿಸುತ್ತಾನೆಂದು ದೊಡ್ಡವರು ಹೇಳುತ್ತಾರೆ. ನನಗೆ ಕೊಟ್ಟದ್ದು ಗೈರುಹಾಜರಿಯ ಶಕ್ತಿ. ನಾನು ನೋಡುತ್ತಿದ್ದರೆ ನಮ್ಮವರು ಸೋಲುತ್ತಾರೆ, ಎದ್ದು ಹೋದರೆ ಸುಧಾರಿಸಿಕೊಳ್ಳುತ್ತಾರೆ. ಇದನ್ನು ಮೊದಲು ಕಂಡುಹಿಡಿದವರು ಬಸವನಗುಡಿಯ ನಮ್ಮ ಸೋದರಮಾವ. ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಬರುತ್ತಿದ್ದ ಕಾಲ. ನಾನು ಹಜಾರಕ್ಕೆ ಕಾಲಿಟ್ಟೆ, ವಿಕೆಟ್ ಬಿತ್ತು. ಹೊರಗೆ ಹೋದೆ, ಬೌಂಡರಿ. ಮತ್ತೆ ಬಂದೆ, ಮತ್ತೊಂದು ವಿಕೆಟ್. "ಲೋ, ಹೋಗಿ ಬಾವಿಕಟ್ಟೆ ಹತ್ರ ನಿಂತ್ಕೊಳೋ, ದೇಶಕ್ಕೋಸ್ಕರ!" ಎಂದರು ಮಾವ. ಅಂದಿನಿಂದ ಟೆಸ್ಟ್ ಮ್ಯಾಚುಗಳನ್ನೆಲ್ಲ ನಾನು ಬಾವಿಕಟ್ಟೆಯ ಮೇಲೆಯೇ ಕಳೆದೆ. ಅಜ್ಜಿ ಅಡಿಗೆಮನೆಯ ಕಿಟಕಿಯಿಂದ ಕೈ ಚಾಚಿ ಹುರಿಗಡಲೆ, ಬೆಲ್ಲ ಕೊಡುತ್ತಿದ್ದರು. ದೇಶಸೇವೆ ಅಷ್ಟು ರುಚಿಯಾಗಿದ್ದದ್ದು ಅದೊಂದೇ ಕಾಲದಲ್ಲಿ.

ಸಮುದ್ರ ದಾಟಿದ ಮೇಲೆ ಈ ಶಕ್ತಿ ಇಳಿದುಹೋಗಿದೆಯೆಂದು ನಂಬಿದ್ದೆ. ಡೆಟ್ರಾಯಿಟ್ ಹತ್ತಿರ ಮನೆ ಮಾಡಿ, ಕಾರಿನ ಬ್ರೇಕುಗಳನ್ನು ಪರೀಕ್ಷಿಸುವ ಕೆಲಸಕ್ಕೆ ದಿನಾ ಡಿಯರ್‌ಬಾರ್ನಿಗೆ ಡ್ರೈವ್ ಮಾಡಿಕೊಂಡು ನೆಮ್ಮದಿಯಾಗಿದ್ದೆ. ಇಲ್ಲಿಯವರ ಫುಟ್‌ಬಾಲಿನ ತಂಟೆಗೆ ಹೋಗಿರಲಿಲ್ಲ. ಚೆಂಡು ಕಂಕುಳಲ್ಲಿ ಹಿಡಿದು ನಾಲ್ಕು ಹೆಜ್ಜೆ ಓಡುವುದು, ಬೀಳುವುದು, ತಕ್ಷಣ ಎಲ್ಲರೂ ತಲೆ ಸೇರಿಸಿ ಮೀಟಿಂಗ್ ಮಾಡುವುದು. ಇದನ್ನು ವಾರವಿಡೀ ಆಫೀಸಿನಲ್ಲಿ ಸಂಬಳ ತೆಗೆದುಕೊಂಡು ನೋಡುವವನು ಭಾನುವಾರ ಪುಕ್ಕಟೆಯಾಗಿ ಏಕೆ ನೋಡಬೇಕು?

ಆಮೇಲೆ ರಿಸೆಷನ್ ಬಂತು. ನಮ್ಮ ಬಡಾವಣೆಯಲ್ಲಿ ಮರಗಳಿಗಿಂತ ಹೆಚ್ಚಾಗಿ 'ಮನೆ ಮಾರಾಟಕ್ಕಿದೆ' ಎಂಬ ಫಲಕಗಳು ಬೆಳೆದವು. ಪಕ್ಕದ ಮನೆಯ ಗ್ಯಾರಿಗೆ ಕೆಲಸ ಹೋಯಿತು. ಅವನದು ಅಜ್ಜನ ಕಾಲದಿಂದಲೂ ಕಾರು ಕಟ್ಟಿದ ವಂಶ. ಕೆಲಸ ಹೋದ ವಾರವೇ ಕೇಬಲ್ ತೆಗೆಸಿ, ಪ್ರತಿ ಭಾನುವಾರ ಫುಟ್‌ಬಾಲ್ ಆಟ ನೋಡಲು ಟಿವಿ ಇದ್ದ ನಮ್ಮ ಬೇಸ್‌ಮೆಂಟಿಗೆ ಬರತೊಡಗಿದ. ನನ್ನ ಆಫೀಸಿನ ಇಕ್ಬಾಲ್ ಸಾಹೇಬರು, ಹುಬ್ಬಳ್ಳಿಯವರು, ಆಗಲೇ ಅಲ್ಲಿನ ಭಾನುವಾರದ ಹರಟೆಯ ಕಾಯಂ ಸದಸ್ಯರು. ನನ್ನ ಹೆಂಡತಿ ವನಜ ಕೋಡುಬಳೆ ಕರಿದಿಡುತ್ತಿದ್ದಳು. ಗ್ಯಾರಿ ಕಣ್ಣೀರು ಒರೆಸಿಕೊಳ್ಳುತ್ತ ತಿನ್ನುತ್ತಿದ್ದ. ಅದು ಕೋಡುಬಳೆಯ ಖಾರಕ್ಕೋ ನಮ್ಮೂರ ತಂಡದ ಆಟಕ್ಕೋ ಹೇಳುವಂತಿರಲಿಲ್ಲ.

ಆ ಚಳಿಗಾಲ ಗ್ಯಾರಿ ಒಂದು ಭಯ ಹೊತ್ತು ತಂದ. "ಲೀಗಿನವರು ಲಂಡನ್ನಿನಲ್ಲಿ ಒಂದು ತಂಡ ಇಡ್ತಾರಂತೆ. ಹೊಸದು ಕಟ್ಟೋದಿಲ್ಲ, ಇಲ್ಲಿಂದಲೇ ಒಂದನ್ನ ಎತ್ಕೊಂಡು ಹೋಗ್ತಾರೆ. ಯಾವುದನ್ನ ಒಯ್ತಾರೆ ಹೇಳು? ಸದಾ ಸೋಲೋದನ್ನ!" ಎಂದ. ಕೋಡುಬಳೆ ಮುರಿಯುತ್ತ, "ನನ್ನ ಡಿಪಾರ್ಟ್‌ಮೆಂಟ್ ಹೋಯ್ತು. ಇನ್ನು ಇದೂ ಹೋದ್ರೆ ಈ ಊರಲ್ಲಿ ನನ್ನದು ಅನ್ನೋದು ಏನಿದೆ?" ಎಂದ. ಡಿಪಾರ್ಟ್‌ಮೆಂಟ್ ಯಾವ ಊರಿಗೆ ಹೋಯಿತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಾನು ಬಿಟ್ಟು ಬಂದ ಊರಿಗೇ ಹೋಯಿತೆಂಬುದು ಇಬ್ಬರಿಗೂ ಗೊತ್ತಿತ್ತು, ಬಸವನಗುಡಿಯ ಮಾವನ ಮನೆಯಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ. ಸಮಾಧಾನ ಹೇಳಬೇಕೆಂದು, "ಸಮುದ್ರ ದಾಟಿದವರು ಹಾಳಾಗೋದಿಲ್ಲ ಗ್ಯಾರಿ, ನನ್ನನ್ನೇ ನೋಡು" ಎಂದೆ. ಅವನು ನೋಡಿದ. ಸಮಾಧಾನವಾದಂತೆ ಕಾಣಲಿಲ್ಲ.

ಕೆಲವು ಗೆಲುವು ಬಂದರೆ ತಂಡವನ್ನು ಇಲ್ಲೇ ಬಿಡುತ್ತಾರೆಂಬುದು ಅವನ ಲೆಕ್ಕಾಚಾರ. ಆದ್ದರಿಂದ ಅವನೊಂದಿಗೆ ನಾನೂ ಶ್ರದ್ಧೆಯಿಂದ ನೋಡತೊಡಗಿದೆ. ಒಂದು ಭಾನುವಾರ ಇಕ್ಬಾಲ್ ಸಾಹೇಬರು ಗಂಟಲು ಸರಿಮಾಡಿಕೊಂಡರು. "ಒಂದ್ ಮಾತು ಹೇಳ್ತೀನ್ರೀ, ಸಿಟ್ಟಾಗಬ್ಯಾಡ್ರಿ. ನೀವು ಚಹಾ ತರಾಕ ಮ್ಯಾಲೆ ಹೋದಾಗೆಲ್ಲಾ ಇವ್ರು ಚಲೋ ಆಡಾಕತ್ತಾರ. ನೀವು ಬಂದು ಕುಂತ್ರಿ ಅಂದ್ರ ಮುಗೀತು ನೋಡ್ರಿ."

ಏನೆಂದರು ಎಂದು ಗ್ಯಾರಿ ಕೇಳಿದ. ಸತ್ಯಸಂಧನಾದ ನಾನು ಅನುವಾದಿಸಿದೆ. ಅಷ್ಟಕ್ಕೇ ನಿಲ್ಲದೆ ಬಾವಿಕಟ್ಟೆಯ ಇತಿಹಾಸವನ್ನೂ ಹೇಳಿದೆ. ಗ್ಯಾರಿ ನಗಲಿಲ್ಲ. ನೇರವಾಗಿ ತನ್ನ ಮನೆಗೆ ಹೋಗಿ, ಬೇಟೆಗೆ ಹಾಕಿಕೊಳ್ಳುವ ದಪ್ಪ ಕೋಟು ತಂದು ನನ್ನ ಕೈಗಿತ್ತ. "ಗರಾಜಿನಲ್ಲಿ ಚಳಿ ಇರುತ್ತೆ" ಎಂದ.

ಹೀಗೆ ಸ್ವಂತ ಮನೆಯಲ್ಲಿ, ಸ್ವಂತ ಟಿವಿಯಿಂದ ಕಾರು ನಿಲ್ಲಿಸುವ ಗರಾಜಿಗೆ ನಾನು ಗಡೀಪಾರಾದೆ. ಹೊರಗೆ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ಒಂದು ಕಡೆ ಹಿಮ ಎತ್ತುವ ಸಲಿಕೆ, ಒಂದು ಕಡೆ ಸೋನಾ ಮಸೂರಿ ಮೂಟೆ, ನಡುವೆ ಕಾವಲು ದೇವರಂತೆ ನಾನು. ವನಜ ಬಾಗಿಲು ತೆರೆದಳು. "ಏನ್ರೀ ಇದು! ಪಕ್ಕದ ಮನೆಯವ್ರು ನೋಡಿದ್ರೆ ನಾನೇ ಆಚೆ ಹಾಕಿದೀನಿ ಅನ್ಕೋತಾರೆ."

"ಪಕ್ಕದ ಮನೆಯವನೇ ಕಣೇ ಆಚೆ ಹಾಕಿರೋದು" ಎಂದೆ.

ಒಳಗಿನಿಂದ ಕೇಕೆ ಕೇಳಿಸುತ್ತಿತ್ತು. ಕೇಕೆ ಎದ್ದಷ್ಟೂ ನನ್ನ ಕಾಲು ಮರಗಟ್ಟುತ್ತಿತ್ತು, ಎದೆ ಉಬ್ಬುತ್ತಿತ್ತು. ಪಾಯಿಂಟುಗಳು ಬರುತ್ತಿದ್ದವು, ಗೆಲುವು ಮಾತ್ರ ಕೂದಲೆಳೆಯಲ್ಲಿ ತಪ್ಪಿಹೋಗುತ್ತಿತ್ತು. ಕಡೆಗೊಂದು ಭಾನುವಾರ ನಮ್ಮವರು ಮುಂದಿದ್ದರು. ಇನ್ನು ಕೆಲವೇ ನಿಮಿಷ. ಆಗ ಗರಾಜಿನ ಬಾಗಿಲು ತೆರೆದು ಗ್ಯಾರಿ ನಿಂತ.

"ಟೆಕ್ಸಾಸಿನಲ್ಲಿ ಕೆಲಸ ಸಿಕ್ಕಿದೆ. ಮುಂದಿನ ವಾರ ಹೊರಡ್ತೀವಿ. ಬಾ ಒಳಗೆ."

"ಆಟ ಮುಗಿದಿಲ್ಲವಲ್ಲೋ! ತಂಡ ಲಂಡನ್ನಿಗೆ ಹೋದ್ರೆ?"

"ಹೋದ್ರೆ ಹೋಗಲಿ. ಇದೊಂದನ್ನ ನಿನ್ನ ಜೊತೆ ಕೂತು ನೋಡ್ಬೇಕು."

ಹೋದೆ. ಕೂತೆ. ಮುಂದಿನದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಇಕ್ಬಾಲ್ ಸಾಹೇಬರು ಸೂರು ನೋಡಿದರು. ಗ್ಯಾರಿ ಕಡೆಯ ಕೋಡುಬಳೆಯನ್ನು ನಿಧಾನವಾಗಿ ಅಗಿದು, "ನಿಮ್ಮ ಮಾವ ದೊಡ್ಡ ವಿಜ್ಞಾನಿ" ಎಂದ. ಕೋಟನ್ನು ವಾಪಸು ಕೇಳಲೇ ಇಲ್ಲ.

ಲಂಡನ್ನಿಗೆ ತಂಡ ಇನ್ನೂ ಹೋಗಿಲ್ಲ. ಊರು ಬಿಟ್ಟದ್ದು ಗ್ಯಾರಿ ಮಾತ್ರ. ಆದರೆ ವರ್ಷಕ್ಕೆ ಕೆಲವು ಆಟಗಳನ್ನು ಅಲ್ಲಿಗೆ ಹೊತ್ತೊಯ್ದು ಆಡಿಸುತ್ತಾರೆ. ನಮಗಿಲ್ಲಿ ಭಾನುವಾರ ಬೆಳಗಿನ ಕಾಫಿಯ ಹೊತ್ತು. ಒಂದು ಸಲ ನಮ್ಮ ತಂಡದ ಸರದಿಯೂ ಬಂತು. ಬೇಟೆಯ ಕೋಟು ಹಾಕಿ, ಕಾಫಿ ಲೋಟ ಹಿಡಿದು ನಾನು ಸ್ವಸ್ಥಾನ ಸೇರಿದೆ.

"ಆಟ ಲಂಡನ್ನಿನಲ್ಲಿ ಕಣ್ರೀ! ನೀವಿಲ್ಲಿ ನಿಂತ್ರೆ ಅಲ್ಲಿಗೆ ಹೇಗೆ ತಲುಪತ್ತೆ?" ಎಂದಳು ವನಜ.

"ಬಾವಿಕಟ್ಟೆಯಿಂದ ಇಲ್ಲಿಯವರೆಗೆ ಬಂದ ಶಕ್ತಿಗೆ ಲಂಡನ್ ಯಾವ ದೂರ? ದಾರಿಯಲ್ಲೇ ಸಿಗುತ್ತೆ" ಎಂದೆ.

ಫೋನು ಗುಂಯ್‌ಗುಟ್ಟಿತು. ಟೆಕ್ಸಾಸಿನಿಂದ ಗ್ಯಾರಿಯ ಮೆಸೇಜು: "ಎಲ್ಲಿದ್ದೀಯ?"

"ಗರಾಜಿನಲ್ಲಿ."

"ಗುಡ್. ಅಲ್ಲೇ ಇರು."

ಬಾಗಿಲ ಸಂದಿಯಿಂದ ಟಿವಿಯ ಸದ್ದು ಸಣ್ಣಗೆ ಬರುತ್ತಿತ್ತು. ಹೋಗಿ, ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡೆ.