ಬೇಗ ಮುಗಿದ ಮೀಟಿಂಗು

ಮೀಟಿಂಗ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಈಗಿನವರು ಹಲ್ಲುನೋವು ಬಂದವರಂತೆ ಮುಖ ಮಾಡುತ್ತಾರೆ. ಅಂಥವರ ನಡುವೆ, ನನಗೆ ಮೀಟಿಂಗ್ ಎಂದರೆ ಇಷ್ಟ ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಇಷ್ಟ ಎಂದರೂ ಕಡಿಮೆಯೇ. ನಿವೃತ್ತನಾದ ಮೇಲೆ ನಾನು ಸಂಬಳಕ್ಕಾಗಿ ಹಂಬಲಿಸಲಿಲ್ಲ, ಕುರ್ಚಿಗಾಗಿ ಹಂಬಲಿಸಲಿಲ್ಲ. ಹಂಬಲಿಸಿದ್ದು ಬೆಳಗಿನ ಮೀಟಿಂಗಿಗಾಗಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯೋಜನಾ ವಿಭಾಗ ನೋಡಿಕೊಂಡವನು ನಾನು. ಯೋಜನೆ ಎಂದರೆ ದೊಡ್ಡದೇನಲ್ಲ. ಯಾವ ಬಿಡಿಭಾಗ ಯಾವ ಯಂತ್ರಕ್ಕೆ ಯಾವಾಗ ಹತ್ತಬೇಕು ಎಂದು ಹೇಳುವುದು, ಹತ್ತದಿದ್ದರೆ ಕೂಗಾಡುವುದು. ಸೈರನ್ ಆದ ಕೂಡಲೇ ಲೇತ್ ಯಂತ್ರಗಳ ಮಧ್ಯೆ ಎಲ್ಲರೂ ನಿಂತು ಮಾತಾಡುತ್ತಿದ್ದೆವು. ಕೂತರೆ ಮಾತು ಬೆಳೆಯುತ್ತದೆ ಎಂದು ಕುರ್ಚಿಯನ್ನೇ ಇಡಿಸಿರಲಿಲ್ಲ. ಎರಕದ ವಿಭಾಗದವನು ಮಾಲು ಕಳಿಸಿದ್ದೇನೆ ಎನ್ನುವನು, ಸ್ಟೋರ್ಸಿನವನು ಬಂದೇ ಇಲ್ಲ ಎನ್ನುವನು, ಆಮೇಲೆ ಇಬ್ಬರೂ ತಿರುಗಿ ನನ್ನ ಮುಖ ನೋಡುವರು. ಆ ನೋಟ ಇದೆಯಲ್ಲ, ಅದು ಪಿಂಚಣಿಯ ಜೊತೆ ಬರುವುದಿಲ್ಲ.

ಮನೆಯಲ್ಲಿ ಅದನ್ನು ಮತ್ತೆ ಶುರು ಮಾಡಲು ನೋಡಿದೆ. ಬೆಳಿಗ್ಗೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು ದಿನದ ಕಾರ್ಯಕ್ರಮ ಕೇಳುತ್ತಿದ್ದೆ. ಹೆಂಡತಿ ಗಿರಿಜಾ ದಾವಣಗೆರೆಯವಳು, ಮಾತನ್ನು ಉಳಿಸಿಟ್ಟುಕೊಳ್ಳುವ ಅಭ್ಯಾಸವಿಲ್ಲ. “ಮಧ್ಯಾಹ್ನ ರೊಟ್ಟಿನೋ ಚಪಾತಿನೋ ಅನ್ನೋದಕ್ಕೆ ನಿಂತ್ಕಂಡು ತೀರ್ಮಾನ ಮಾಡ್ಬೇಕೇನ್ರಿ? ಹೋಗಿ ಕೂತ್ಕಳ್ರಿ. ಹಾಕಿದ್ದು ತಿನ್ರಿ” ಎಂದಳು. ಸಭೆ ಅಲ್ಲಿಗೆ ಬರಖಾಸ್ತಾಯಿತು.

ಒಮ್ಮೆ ತಡೆಯಲಾರದೆ ಹೂಡಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಪೀಣ್ಯದವರೆಗೂ ಹೋದೆ. ರೈಲು ಎತ್ತರದಲ್ಲಿ ಹೋಗುತ್ತದಲ್ಲ, ಕಿಟಕಿಯಿಂದ ನಮ್ಮ ಕಾರ್ಖಾನೆಯ ಚಾವಣಿ ಕಂಡಿತು. ಇಷ್ಟು ವರ್ಷ ಅದರ ಕೆಳಗಿದ್ದವನು ಮೇಲಿನಿಂದ ನೋಡಿರಲೇ ಇಲ್ಲ. ಹೊಸ ತಗಡು ಹೊದಿಸಿ ನೀಲಿ ಬಣ್ಣ ಬಳಿದಿದ್ದರು. ಇಳಿದು ಗೇಟಿನವರೆಗೆ ಹೋಗಬಹುದಿತ್ತು. ಆದರೆ ಗೇಟಿನಲ್ಲಿ ಯಾರನ್ನು ನೋಡಬೇಕು ಎಂದು ಕೇಳಿದರೆ ಹೇಳಲು ಹೆಸರಿರಲಿಲ್ಲ. ಹಾಗೇ ವಾಪಸು ಬಂದೆ. ಕನ್ನಡಕ ರಿಪೇರಿಗೆ ಮಲ್ಲೇಶ್ವರಕ್ಕೆ ಹೋಗಿದ್ದೆ ಎಂದು ಗಿರಿಜಾಗೆ ಹೇಳಿದರೆ, ಅವಳು ಟೀವಿಯ ಮೇಲಿದ್ದ ಕನ್ನಡಕವನ್ನು ತಂದು ಕೈಗಿಟ್ಟಳು.

ಹೀಗಿರುವಾಗ ಮೀಟಿಂಗು ತಾನಾಗಿ ನಮ್ಮ ಕಟ್ಟಡಕ್ಕೇ ಬಂತು. ನಮ್ಮ ಮೇಲಿನ ಮಹಡಿಯ ನಾಗವೇಣಿ ರಾಣೆಬೆನ್ನೂರಿನ ಹುಡುಗಿ, ಸಾಫ್ಟ್‌ವೇರ್ ಬರೆಯುವವಳು. ಈ ಕಡೆಯ ಸಾಫ್ಟ್‌ವೇರಿನವರದೊಂದು ಬಳಗವಿದೆ. ಅವರು ತಿಂಗಳಿಗೊಮ್ಮೆ ಎಲ್ಲಾದರೂ ಸೇರಿ ತಮ್ಮ ಕಸುಬಿನ ಬಗ್ಗೆ ಉಪನ್ಯಾಸ ಕೇಳುತ್ತಾರೆ. ಯಾರು ಮಾತಾಡಬೇಕು, ಎಲ್ಲಿ ಸೇರಬೇಕು, ತಿನ್ನಲು ಏನು ಎಂದು ಗೊತ್ತುಮಾಡಲು ನಾಗವೇಣಿಯೂ ಸೇರಿ ಸಂಚಾಲಕರು ಮೂವರು ಪ್ರತಿ ಶನಿವಾರ ನಮ್ಮ ಕಟ್ಟಡದ ಕ್ಲಬ್ಬಿನ ಹಾಲಿನಲ್ಲಿ ಕೂರತೊಡಗಿದರು. ಹೊರಗಿನವರು ಹಾಲಿನಲ್ಲಿದ್ದಾಗ ನಿವಾಸಿಗಳ ಸಂಘದ ಸಮಿತಿಯವನೊಬ್ಬ ಜೊತೆಗಿರಬೇಕೆಂಬುದು ನಿಯಮ. ನಿಯಮ ಮಾಡಿದವನೂ ನಾನೇ, ಬೀಗದ ಕೈ ಇರುವವನೂ ನಾನೇ. ಮೂಲೆಯಲ್ಲಿ ಪತ್ರಿಕೆ ಹಿಡಿದು ಕೂತೆ. ಅದರ ಪುಟ ಮಾತ್ರ ಮಗುಚಲಿಲ್ಲ.

ಅದನ್ನು ಮೀಟಿಂಗ್ ಎಂದರೆ ನಮ್ಮ ಹಳೆಯ ಮ್ಯಾನೇಜರರು ಎದೆ ಹಿಡಿದುಕೊಳ್ಳುತ್ತಿದ್ದರು. ಹತ್ತಕ್ಕೆಂದು ಕರೆದದ್ದು ಹನ್ನೊಂದಾದರೂ ಶುರುವಾಗದು. ಬೇಗೂರಿನಿಂದ ಬರುವ ಮಂಜು ಮೊದಲು ತಿಂಡಿಯ ಮಾತೆತ್ತುವನು. ಎಲೆಕ್ಟ್ರಾನಿಕ್ ಸಿಟಿಯ ಫಯಾಜ್ ಕೊನೆಗೆ ಬಂದು ಟ್ರಾಫಿಕ್ಕಿನ ಪುರಾಣ ತೆಗೆಯುವನು. “ಏನ್ ಹೇಳ್ಲಿ ಗುರು, ಸಿಲ್ಕ್ ಬೋರ್ಡಲ್ಲಿ ನಮ್ ಬಸ್ಸು ನಿಂತಲ್ಲೇ ನಿದ್ದೆ ಮಾಡ್ಬಿಡ್ತು.” “ಬಸ್ಸು ಮಾಡ್ತೋ ನೀನ್ ಮಾಡಿದ್ಯೋ ಮಗಾ? ಕೆನ್ನೆ ಮೇಲೆ ಕಿಟಕಿ ಸರಳು ಅಚ್ಚೊತ್ತಿದೆ ನೋಡು” ಎಂದು ಮಂಜು. ಉಪನ್ಯಾಸಕ್ಕೆ ಬಂದವರಿಗೆ ಪಫ್ ಕೊಡುವುದೋ ಚಿತ್ರಾನ್ನವೋ ಎಂಬುದರ ಮೇಲೆ ಅವರು ವಾದಿಸಿದಷ್ಟು ನಾವು ಒಂದು ಯಂತ್ರ ಹೊರದೇಶಕ್ಕೆ ಕಳಿಸುವಾಗಲೂ ವಾದಿಸಿರಲಿಲ್ಲ.

ವಾದ ತಾರಕಕ್ಕೇರಿದಾಗ ನಾಗವೇಣಿ, “ಇದನ್ನ ಸದ್ಯಕ್ಕ ಪಾರ್ಕ್ ಮಾಡೋಣಪಾ” ಎಂದಳು. ನಾನು ಪತ್ರಿಕೆ ಮಡಚಿ ಎದ್ದು ನಿಂತೆ. “ಇಲ್ಲಮ್ಮ, ಅತಿಥಿಗಳ ಪಾರ್ಕಿಂಗ್ ಭರ್ತಿಯಾಗಿದೆ. ಏನಿದ್ದರೂ ಗೇಟಿನ ಹೊರಗೆ, ಚರಂಡಿ ಬಿಟ್ಟು ನಿಲ್ಲಿಸಬೇಕು” ಎಂದೆ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಸಾರ್, ಪಾರ್ಕ್ ಮಾಡ್ತಿರೋದು ಚಿತ್ರಾನ್ನಾನ! ಗಾಡಿ ಅಲ್ಲ” ಎಂದ ಮಂಜು. ತೀರ್ಮಾನವಾಗದ ವಿಷಯವನ್ನು ಬದಿಗಿಡುವುದಕ್ಕೆ ಅವರಲ್ಲಿ ಹಾಗೆನ್ನುತ್ತಾರಂತೆ. ನನಗೂ ನಗು ಬಂತು, ಆದರೆ ಯೋಜನಾ ವಿಭಾಗದವನ ಬಾಯಿ ಸುಮ್ಮನಿರಲಿಲ್ಲ. “ಸರಿ, ನಿಲ್ಲಿಸಿದ್ದನ್ನು ಹೊರಗೆ ತೆಗೆಯುವವರು ಯಾರು?” ಎಂದು ಕೇಳಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮೂವರೂ ತಿರುಗಿ ನನ್ನ ಮುಖ ನೋಡಿದರು.

ಆ ನೋಟ. ಅದೇ ನೋಟ. ಅಂದು ಊಟಕ್ಕೆ ಕೂತಾಗ ಗಿರಿಜಾ, “ಏನ್ರಿ, ಒಬ್ರೇ ನಗ್ತಿದೀರಿ?” ಎಂದು ಕೇಳಿದಳು.

ಮುಂದಿನ ಶನಿವಾರದಿಂದ ಮೀಟಿಂಗ್ ನಡೆಸುವವನು ನಾನೇ ಆದೆ. ಅವರೇ ಕೇಳಿದರು ಎಂಬುದು ನಿಜ; ಅವರು ಕೇಳುವುದಕ್ಕೆ ಮೊದಲೇ ನಾನು ಕುರ್ಚಿಗಳನ್ನು ಗೋಡೆಗೆ ಸರಿಸಿಟ್ಟಿದ್ದೆ ಎಂಬುದೂ ನಿಜ. ಎಲ್ಲರೂ ನಿಂತೇ ಮಾತಾಡುವುದು, ಒಂದು ವಿಷಯಕ್ಕೆ ಒಬ್ಬರೇ ಹೊಣೆ, ಟ್ರಾಫಿಕ್ಕಿನ ಮಾತು ವರ್ಜ್ಯ, ಪಾರ್ಕಿಂಗ್ ನಿಷಿದ್ಧ. ಫಯಾಜ್ ಕೈ ಮುಗಿದು, “ಸಾರ್, ಸ್ಕೂಲ್ ಪ್ರೇಯರಲ್ಲೂ ಇಷ್ಟು ನೆಟ್ಟಗೆ ನಿಂತಿರ್ಲಿಲ್ಲ” ಎಂದ. ಮಾತಾಡುವವರು, ಜಾಗ, ತಿಂಡಿ, ಎಲ್ಲ ಪಟಪಟನೆ ಇತ್ಯರ್ಥವಾದವು. ಆ ಮೂವರಿಗೆಂದು ಗಿರಿಜಾ ಮಾಡಿದ ಚಹಾ ಬರುವಷ್ಟರಲ್ಲಿ ಮೀಟಿಂಗ್ ಮುಗಿದು ಎಲ್ಲರೂ ಹೊರಟುಹೋಗಿದ್ದರು. ಆ ಚಹಾವನ್ನೆಲ್ಲ ನಾನೇ ಕುಡಿದೆ. ಅದೂ ಗೆಲುವಿನ ರುಚಿಯೇ ಎಂದುಕೊಂಡೆ. ಶುಕ್ರವಾರ ಸಂಜೆಯೇ ಅಂಗಿ ಇಸ್ತ್ರಿಯಾಗುತ್ತಿತ್ತು. ಮೀಟಿಂಗು ಪ್ರತಿ ವಾರವೂ ಹಿಂದಿನ ವಾರಕ್ಕಿಂತ ಬೇಗ ಮುಗಿಯುತ್ತಿತ್ತು. ಯಂತ್ರ ಚೆನ್ನಾಗಿ ಓಡುವಾಗ ಅದರ ಸದ್ದು ಕೇಳಿಸದಂತೆ, ನಮ್ಮ ಮೀಟಿಂಗಿನ ಸದ್ದೂ ಅಡಗುತ್ತ ಬಂತು.

ಮೊದಲು ಫಯಾಜ್ ಬರುವುದು ನಿಂತಿತು. ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟು ಅರ್ಧ ಬೆಂಗಳೂರು ದಾಟಿ ಬಂದವನಿಗೆ ಮುಗಿದ ಮೀಟಿಂಗ್ ಎದುರಾದರೆ ಅವನಾದರೂ ಏನು ಮಾಡಿಯಾನು? ತನ್ನ ಪಾಲಿನ ಮಾತನ್ನು ಮೊಬೈಲಿನ ಗ್ರೂಪಿನಲ್ಲಿ ಬರೆದು ಕಳಿಸತೊಡಗಿದ. ಅದು ಅಚ್ಚುಕಟ್ಟಾಗಿಯೇ ಇತ್ತು. ಆಮೇಲೆ ಮಂಜು. ಕೊನೆಗೆ ನಾಗವೇಣಿ ಮನೆಗೇ ಬಂದಳು, ಕೈಯಲ್ಲಿ ಧಾರವಾಡ ಪೇಡೆಯ ಡಬ್ಬಿ.

“ಸರ್, ನಿಮ್ಮ ಉಪಕಾರ ಮರಿಯೂಹಂಗಿಲ್ಲ ನೋಡ್ರಿ. ನೀವು ಕಲಿಸಿದ್ದು ಎಷ್ಟು ಚಲೋ ಆತಂದ್ರ, ಇನ್ನ ಮೀಟಿಂಗಿನ ಅಗತ್ಯನ ಇಲ್ರಿ. ಎಲ್ಲಾ ಗ್ರೂಪ್‌ನಾಗ ಮುಗದಹೋಗ್ತೈತಿ.”

“ಬಹಳ ಸಂತೋಷ” ಎಂದೆ. ಅಂಥ ಸಂದರ್ಭದಲ್ಲಿ ಬೇರೇನು ಹೇಳಬೇಕೆಂಬುದು ನನ್ನ ನಲವತ್ತು ವರ್ಷದ ಅನುಭವದಲ್ಲಿ ಎಲ್ಲೂ ಬಂದಿರಲಿಲ್ಲ.

ಆ ಶನಿವಾರವೂ ಹತ್ತಕ್ಕೆ ಹಾಲಿನ ಬೀಗ ತೆಗೆದೆ. ಫ್ಯಾನು ಹಾಕಿದೆ. ಗೋಡೆಗೆ ಸರಿಸಿದ್ದ ಕುರ್ಚಿಗಳನ್ನು ಮೇಜಿನ ಸುತ್ತ ತಂದಿಟ್ಟು, ಒಂದರಲ್ಲಿ ಕೂತೆ. ಮಂಜು ಯಾವಾಗಲೋ ಹೇಳಿದ್ದು ನೆನಪಾಯಿತು. ವಾರವಿಡೀ ಕೋಣೆಯೊಳಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪರದೆಯ ಜೊತೆ ಮಾತಾಡುತ್ತೀವಿ ಸಾರ್, ಶನಿವಾರವೇ ಮನುಷ್ಯರ ಮುಖ ನೋಡೋದು, ಎಂದಿದ್ದ. ನಾನಾಗ ಅವನನ್ನು ತಡೆದು, ವಿಷಯಕ್ಕೆ ಬಾರಪ್ಪ ಎಂದಿದ್ದೆ. ಬೆಪ್ಪನಂತೆ ನಾನು ವಿಷಯವನ್ನು ಉಳಿಸಿಕೊಂಡು ಮೀಟಿಂಗನ್ನು ಕಳೆದುಕೊಂಡಿದ್ದೆ. ಬಸ್ಸಿನ ನಿದ್ದೆಯ ಕತೆ ಪೂರ್ತಿ ಕೇಳಬೇಕೆನಿಸಿತು. ಪಫ್ಫಿನ ಪರವಾಗಿ ಇನ್ನೂ ಒಂದೆರಡು ವಾದಗಳಿದ್ದವು, ನನ್ನಲ್ಲೇ ಇದ್ದವು. ಗಿರಿಜಾ ಬಂದು ಬಾಗಿಲಲ್ಲಿ ನಿಂತು, “ಯಾರಿಗೆ ಕಾಯ್ತಿದೀರಿ?” ಎಂದಳು. “ಫ್ಯಾನು ಸದ್ದು ಮಾಡುತ್ತಾ ಅಂತ ನೋಡ್ತಿದ್ದೆ” ಎಂದೆ. ಅವಳು ಎದುರಿನ ಕುರ್ಚಿಯಲ್ಲಿ ಕೂತಳು. ಇಬ್ಬರೂ ತಲೆಯೆತ್ತಿ ಫ್ಯಾನು ನೋಡಿದೆವು. “ಮಾಡ್ತಾ ಇಲ್ಲ” ಎಂದಳು.

ಒಂದು ದಿನ ಲಿಫ್ಟಿನ ಬಳಿ ನಾಗವೇಣಿ ಸಿಕ್ಕಳು. “ಸರ್, ಮುಂದಿನ ಉಪನ್ಯಾಸ ನೀವ ಮಾಡಬೇಕ್ರಿ. ವಿಷಯ, ಮೀಟಿಂಗ್ ಲಗೂನ ಮುಗಿಸೂದು ಹೆಂಗ? ಗ್ರೂಪ್‌ನಾಗ ಎಲ್ಲಾರೂ ಹೂಂ ಅಂದಾರ. ನೀವೂ ಹೂಂ ಅಂದ್ರ ಮುಗೀತು.”

ಹೂಂ ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ಮುಖವನ್ನು ಆದಷ್ಟು ಗಂಭೀರ ಮಾಡಿಕೊಂಡು, “ಹಾಗೆಲ್ಲ ಮೊಬೈಲಿನಲ್ಲಿ ಮುಗಿಯುವ ವಿಷಯ ಅಲ್ಲಮ್ಮ ಇದು. ಬಹಳ ಆಳವಾದದ್ದು. ನೀವು ಮೂವರೂ ಬಂದು, ಕೂತು ಚರ್ಚಿಸಬೇಕು. ಒಂದು ಶನಿವಾರದಲ್ಲಿ ಆಗುವುದೂ ಕಷ್ಟ” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಕೂತು?” ಎಂದಳು. “ಕೂತೇ” ಎಂದೆ. ಲಿಫ್ಟು ಬಂದು ಬಾಗಿಲು ತೆರೆದು, ಯಾರೂ ಹತ್ತದಿರುವುದನ್ನು ಕಂಡು ಮುಚ್ಚಿಕೊಂಡು ಹೋಯಿತು. “ಫಯಾಜ್ ತಡಾ ಮಾಡ್ತಾನ್ರಿ” ಎಂದಳು. “ಮಾಡಲಿ” ಎಂದೆ.

ಹಾಗೆ ನಾಲ್ವರೂ ಕೂರತೊಡಗಿ ಈಗ ಮೂರು ಶನಿವಾರಗಳಾಗಿವೆ. ಉಪನ್ಯಾಸ ಪೂರ್ತಿ ಸಿದ್ಧವಾಗಿದೆ, ತಲೆಬರಹವೊಂದು ಮಾತ್ರ ಇನ್ನೂ ಆಗಿಲ್ಲ. ಹುಡುಗರೇನೋ ವಾರಕ್ಕೊಂದು ಒಳ್ಳೆಯದನ್ನೇ ಹುಡುಕಿ ತರುತ್ತಾರೆ. ಏನು ಮಾಡಲಿ, ಪ್ರತಿಯೊಂದರಲ್ಲೂ ನನಗೆ ಏನಾದರೊಂದು ಕೊರತೆ ಕಾಣುತ್ತಿದೆ.