ಜಾಗ ಸಿಗದ ಮೈಕು

"ಇಲ್ಲೈತಿ ನೋಡು ಮೈಕು!" ಎಂದು ಅಡಿವೆಪ್ಪ ಮೇಜಿನ ಮೇಲೆ ಬೆರಳಿಟ್ಟು ತೋರಿಸಿದ.

ಕಾಶವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಮೇಜಿನ ಮೇಲೆ ಹಳೆಯ ಕಂಪ್ಯೂಟರಿತ್ತು. ಪಕ್ಕದಲ್ಲಿ ಹೊಟ್ಟೆ ಬಿಚ್ಚಿದ ಆಂಪ್ಲಿಫೈಯರಿತ್ತು. ಅದಕ್ಕೆ ಅಂಟಿಕೊಂಡು ಮೈತುಂಬ ತಾಮ್ರದ ತಂತಿ ಸುತ್ತಿಸಿಕೊಂಡ ಒಂದು ಭರಣಿಯೂ ಇತ್ತು. ಗಂಡನ ಬೆರಳಿದ್ದಲ್ಲಿ ಮಾತ್ರ ಏನೂ ಇರಲಿಲ್ಲ.

"ಎಲ್ಲೈತ್ರೀ?"

"ಕಾಣೂದಿಲ್ಲ! ಅದಽ ಅದರ ಗಮ್ಮತ್ತು! ಇದು ಕಾಣದ ಮೈಕು. ಕಂಪ್ಯೂಟರಿನ ಒಳಗಽ ಹುಟ್ಟಿ, ಒಳಗಽ ಮಾತಾಡ್ತೈತಿ."

"ನನ್ನ ಭರಣಿ ಛಂದಾಗಿ ಕಾಣಾಕತ್ತೈತಲ್ಲ? ಅದರಾಗಿನ ಉಪ್ಪಿನಕಾಯಿ ಎಲ್ಲಿ ಸುರುವೀರಿ?"

ಅಡಿವೆಪ್ಪ ಕೇಳಿಸಲಿಲ್ಲವೆಂಬಂತೆ ತಂತಿ ಬಿಗಿ ಮಾಡಿದ. ಬೂದನಕೊಪ್ಪದ ಮದುವೆ ಮುಂಜಿಗಳಿಗೆಲ್ಲ ಮೂವತ್ತು ವರ್ಷದಿಂದ ಮೈಕ್‌ಸೆಟ್ ಬಾಡಿಗೆ ಕೊಡುವವನು ಅವನು. ಬಿಡುವಿದ್ದಾಗ ಯಂತ್ರ ಕಂಡುಹಿಡಿಯುತ್ತಾನೆ. ಹೋದ ವರ್ಷ ಅವನು ಮಾಡಿದ ತಾನೇ ತೂಗುವ, ತಾನೇ ಜೋಗುಳ ಹಾಡುವ ತೊಟ್ಟಿಲು ಇಡೀ ಓಣಿಯನ್ನು ಮಲಗಿಸಿ ಕೂಸನ್ನು ಮಾತ್ರ ಎಚ್ಚರ ಇಟ್ಟಿತ್ತು!

ಈ ಸಲದ ಯಂತ್ರಕ್ಕೆ ಕಾರಣ ತಾಲೂಕಿನಿಂದ ಬಂದ ಒಂದು ನೋಟೀಸು. ಕಾಶವ್ವ ಎರಡು ವರ್ಷದಿಂದ ಪಂಚಾಯ್ತಿ ಸದಸ್ಯೆ. ಸಹಿ ಅವಳದು, ಮಾತು ಗಂಡನದು. ಸಭೆಯಲ್ಲಿ ಅವಳು ಸೆರಗು ಹೊದ್ದು ಕೂರುತ್ತಿದ್ದಳು. ಅಡಿವೆಪ್ಪ ಎದ್ದು ನಿಂತು, "ನಮ್ಮ ಸದಸ್ಯೆ ಹೇಳೂದು ಏನಂದ್ರ..." ಎಂದು ಶುರು ಮಾಡುತ್ತಿದ್ದ. ಆದರೆ ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಕಂಪ್ಯೂಟರಿನಲ್ಲೇ ತಾಲೂಕಿನ ಸಭೆ. ಹಳ್ಳಿಗೊಬ್ಬ ಸದಸ್ಯೆ, ಮೂರು ನಿಮಿಷ, ಒಂದೇ ಬೇಡಿಕೆ. ಸದಸ್ಯೆಯೇ ಬಾಯಿಬಿಟ್ಟು ಹೇಳಬೇಕು. ಗಂಡನ ದನಿ ಕೇಳಿಸಿದರೆ ಆ ಊರಿನ ಅರ್ಜಿ ಅಲ್ಲಿಗೇ ರದ್ದು!

"ನೀ ಸುಮ್ಮಕ ತುಟಿ ಅಳ್ಳಾಡಸು. ನಾ ಬಾಗಿಲ ಪರದೆ ಹಿಂದ ಮಾತಾಡ್ತೀನಿ. ಅವರಿಗೆ ಕೇಳೂದು ನಿನ್ನ ದನಿ! ಮೂರು ದಿನದಿಂದ ಈ ಭರಣಿ ನಿನ್ನ ದನಿ ಕಲಿಯಾಕತ್ತೈತಿ."

"ನಾ ಮೂರು ದಿನದಿಂದ ನಿಮ್ಮನ್ನ ಬೈಯಾಕತ್ತೀನಿ."

"ಅದನ್ನಽ ಕಲತೈತಿ."

"ಬಸ್ಸಿಂದು ಕೇಳ್ತೀರಿಲ್ಲೋ?"

"ನೋಡೂಣ ಬಿಡು."

ಈ 'ನೋಡೂಣ ಬಿಡು' ಕಾಶವ್ವನಿಗೆ ಮೂವತ್ತಾರು ವರ್ಷದ ಪರಿಚಯ. ಹೊಸ ಅಡಿಗೆಮನೆ ಅದರಲ್ಲೇ ಮುಳುಗಿತ್ತು. ಅವನ ಮನಸ್ಸಿನಲ್ಲಿರುವುದು ತನ್ನ ಮೈಕ್‌ಸೆಟ್ ಅಂಗಡಿಯ ಮುಂದೆ ಒಂದು ಎತ್ತರದ ದೀಪದ ಕಂಬ ಎಂಬುದು ಅವಳಿಗೆ ಗೊತ್ತಿತ್ತು. ಅವಳಿಗೆ ಬೇಕಾದದ್ದು ಸಂಜೆಯ ಬಸ್ಸು. ಊರಿನ ಏಳು ಹುಡುಗಿಯರು ಪಟ್ಟಣದ ಕಾಲೇಜಿಗೆ ಹೋಗುತ್ತಿದ್ದರು. ಬಸ್ಸು ಅವರನ್ನು ಕ್ರಾಸಿನಲ್ಲಿ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಆಳೆತ್ತರದ ಜೋಳದ ನಡುವೆ ನಾಲ್ಕು ಕಿಲೋಮೀಟರು ನಡಿಗೆ. ಮೂವರು ಆಗಲೇ ಬಿಟ್ಟಿದ್ದರು. ನೆರೆಮನೆಯ ಖಾಜಾಬಿ ಹಿಂದಿನ ದಿನವಷ್ಟೇ ಬಂದು, "ಬಸ್ಸು ಬರಲಿಲ್ಲಂದ್ರ ನಮ್ಮ ಶಕೀಲಾನ್ನೂ ಬಿಡಸ್ತೀನಿ ಕಾಶಕ್ಕ. ನನಗ ಜೀವ ತಡಿಯೂದಿಲ್ಲ" ಎಂದು ಕಣ್ಣೊರೆಸಿಕೊಂಡು ಹೋಗಿದ್ದಳು.

ಅಡಿವೆಪ್ಪ ಗುಂಡಿ ಒತ್ತಿದ. ಮೈಕಿನ ಗುರುತನ್ನು ಕಂಪ್ಯೂಟರಿಗೆ ಹೇಳಿಕೊಡುವ ಡ್ರೈವರೆಂಬ ಸಣ್ಣ ಪ್ರೋಗ್ರಾಮು ಒಳಗೆ ಕೂರಬೇಕಿತ್ತು. ಹಸಿರು ಗೆರೆ ತೆವಳುತ್ತ ತೊಂಬತ್ತೇಳಕ್ಕೆ ಬಂದು ನಿಂತಿತು. 'ಅಳವಡಿಕೆ ವಿಫಲ. ಸಾಧನ ಕಂಡುಬಂದಿಲ್ಲ.'

"ಕಾಣದ ಮೈಕಂತ ಮಾಡೀನಿ, ಕಂಡುಬಂದಿಲ್ಲ ಅಂದ್ರ ಹೆಂಗ!" ಎಂದು ಅಡಿವೆಪ್ಪ ಕಂಪ್ಯೂಟರಿನ ತಲೆಗೆ ತಟ್ಟಿದ. ಆರಿಸಿ ಹಚ್ಚಿದ. ತಂತಿ ಕಿತ್ತು ಬೇರೆ ತೂತಿಗೆ ಚುಚ್ಚಿದ. ವೈರಸ್ ತಡೆಯುವ ಪ್ರೋಗ್ರಾಮನ್ನು ಮಲಗಿಸಿದ. ಆಗ ಕಂಪ್ಯೂಟರಿನ ಪರದೆಯ ಮೇಲೆ ಚೌಕವೊಂದು ಮೂಡಿ, ಥೇಟ್ ಕಾಶವ್ವನ ದನಿಯಲ್ಲೇ ಹೇಳಿತು: "ಒಡೆಯರ ಹೆಸರನ್ನು ಈ ದನಿಯಲ್ಲಿ ಹೇಳಿ!"

ಕಾಶವ್ವ ಹೌಹಾರಿ ಗೋಡೆಗೆ ಆತುಕೊಂಡಳು. "ಅಯ್ಯಯ್ಯವ್ವ! ನಾ ಇಲ್ಲೇ ಇದ್ದೀನಿ, ಅಲ್ಲಿ ಯಾರ ಮಾತಾಡಿದ್ರು!"

"ಹಾಂ, ನೆನಪಾತು! ಕಳ್ಳರಿಗೆ ಸಿಗಬಾರದಂತ ಬೀಗ ಇಟ್ಟಿದ್ದೆ. ನಿನ್ನ ದನಿಯಾಗ ನನ್ನ ಹೆಸರು. ಹೇಳು."

ಕಾಶವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮದುವೆಯ ದಿನ ಗಂಡನ ಹೆಸರು ಹೆಣೆದ ಪ್ರಾಸದ ಒಡಪು ಹಾಕಿ ಒಂದು ಸಲ ಹೇಳಿದ್ದೇ ಕೊನೆ. ಆಮೇಲೆ ಅವಳ ಬಾಯಿಂದ ಆ ಹೆಸರು ಬಂದಿರಲಿಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೂ ಖಾಜಾಬಿಯೇ ಹೇಳಬೇಕು.

"ಗಂಡನ ಹೆಸರು ಹಿಡದು ಕರಿಯಾಕ ನನಗೇನು ಹುಚ್ಚ ಹಿಡದೈತಿ?"

"ಕರಿಯೂದಲ್ಲ, ಬರೇ ಹೇಳೂದು!"

ಗದ್ದಲ ಕೇಳಿ ಖಾಜಾಬಿ ಓಡಿ ಬಂದಳು. ವಿಷಯ ತಿಳಿದು ತಾನೇ ಬಗ್ಗಿ, "ಅಡಿವೆಪ್ಪ!" ಎಂದು ಜೋರಾಗಿ ಕೂಗಿದಳು. 'ದನಿ ಬೇರೆ' ಎಂದಿತು ಚೌಕ. ಅಡಿವೆಪ್ಪ ಗಂಟಲು ಸಣ್ಣ ಮಾಡಿ ತನ್ನ ಹೆಸರು ತಾನೇ ಉಲಿದ. 'ದನಿ ತೀರಾ ಬೇರೆ.'

"ಒಡಪಿನಾಗಾದ್ರೂ ಹೇಳಕ್ಕ, ಬಸ್ಸಿನ ಸಲುವಾಗಿ!" ಎಂದು ಖಾಜಾಬಿ ಗದ್ದ ಹಿಡಿದಳು.

ಬಸ್ಸೆಂದ ಮೇಲೆ ಕಾಶವ್ವ ಕಣ್ಣು ಮುಚ್ಚಿದಳು. "ಜ್ವಾಳದ ಹೊಲದಾಗ ಗುಬ್ಬಿ ಓಡಸವರು, ಮೈಕಿನ ಹಾರ್ನ ಕಟ್ಟಿ ಊರ ನಿದ್ದಿ ಕೆಡಸವರು, ನನ್ನ ಮನಿಯ..." ಎಂದವಳು ಅಲ್ಲಿಗೇ ನಿಂತು, ಕಿವಿಯವರೆಗೆ ಕೆಂಪಾಗಿ, ಅಡಿಗೆಮನೆಗೆ ಓಡಿಬಿಟ್ಟಳು!

ಗಡಿಯಾರ ಹನ್ನೊಂದೂವರೆ ತೋರಿಸಿತು. ಅಡಿವೆಪ್ಪ ಹಲ್ಲು ಕಚ್ಚಿ 'ಬಲವಂತವಾಗಿ ಅಳವಡಿಸು' ಎಂಬುದನ್ನು ಒತ್ತಿದ. ಭರಣಿ ಗುಂಯ್‌ಗುಟ್ಟಿತು. 'ಇಲ್ಲಿ ಜಾಗವಿಲ್ಲ. ಬೇರೆ ಜಾಗ ಹುಡುಕಲಾಗುತ್ತಿದೆ.'

ಒಲೆಯ ಮೇಲಿನ ಕುಕ್ಕರು ಆಗಲೇ ಸೀಟಿ ಹೊಡೆಯಬೇಕಿತ್ತು. ಸೀಟಿಯ ಬದಲು ಅದು ಕಾಶವ್ವನ ದನಿಯಲ್ಲಿ, "ಏನ್ರೀ, ಕಿವಿ ಒತ್ತೆ ಇಟ್ಟೀರೇನು!" ಎಂದು ಚೀರಿತು. ಕಾಶವ್ವನ ಕೈಯಿಂದ ಸೌಟು ಬಿತ್ತು. ಅಡಿವೆಪ್ಪ ಓಡಿ ಬಂದು ಒಲೆ ಆರಿಸಿ, ವಾಪಸು ಹೋಗಿ ಮತ್ತೆ ಗುಂಡಿ ಒತ್ತಿದ. ಈಗ ಹಿತ್ತಲಿನ ಎಮ್ಮೆ ಕೊರಳೆತ್ತಿ, "ಉಣ್ಣಾಕ ಬರ್ರೀ! ಆರಿ ಹೋಗ್ತೈತಿ!" ಎಂದು ಇಡೀ ಓಣಿಗೆ ಕೇಳುವಂತೆ ಕರೆಯಿತು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಗೌರವದಿಂದ, "ಈಗಷ್ಟೇ ಉಂಡೇವ್ರಿ ಯಕ್ಕಾ" ಎಂದು ಹೇಳಿಯೇ ಮುಂದೆ ಹೋದರು.

"ತಗೀರಿ ಅದನ್ನ! ಎಮ್ಮಿ ಹಾಲು ಕೊಡೂದು ಬಿಟ್ಟೀತು!" ಎಂದು ಕಾಶವ್ವ ಎದೆ ಹಿಡಿದುಕೊಂಡಳು.

"ಇದೊಂದಽ ಸಲ!" ಎಂದು ಅಡಿವೆಪ್ಪ ಮೂರನೆಯ ಸಲ ಒತ್ತಿದ. ಭರಣಿಯಿಂದ ಒಂದು ನೀಲಿ ಕಿಡಿ ಹಾರಿ ಅವನ ಮೀಸೆಗೆ ತಾಗಿತು. ಎಮ್ಮೆ ಎಂದಿನಂತೆ ತನ್ನದೇ ದನಿಯಲ್ಲಿ ಒದರಿತು. ಅಡಿವೆಪ್ಪ ಬಾಯಿ ತೆರೆದ.

"ಕೂತತೇನು?" ಎಂದ. ಆ ದನಿ ಕಾಶವ್ವನದು!

ಖಾಜಾಬಿ ಕೂತಲ್ಲೇ ಹಿಂದಕ್ಕೆ ಸರಿದಳು. ಕಾಶವ್ವ ತನ್ನ ಬಾಯಿ ಎಲ್ಲಿ ಹೋಯಿತೆಂದು ಗಾಬರಿಗೊಂಡು ತುಟಿ ಮುಟ್ಟಿ ನೋಡಿಕೊಂಡಳು. "ಅಯ್ಯ! ನನ್ನ ದನಿ ನನಗೂ ಐತಿ, ನಿಮಗೂ ಐತಿ! ಏನಾತ್ರೀ ಇದು!"

ಅಡಿವೆಪ್ಪ ಗಂಟಲು ಸವರಿಕೊಂಡ. ಮೊದಲು ಬೆದರಿದ, ಆಮೇಲೆ ಹಿಗ್ಗಿದ. ದಪ್ಪ ಮೀಸೆಯಡಿಯಿಂದ ಹೆಂಡತಿಯ ದನಿ ಕಿಲಕಿಲ ನಕ್ಕಿತು. "ಡ್ರೈವರು ಕಂಪ್ಯೂಟರಿನ ಬದಲಿ ನನ್ನಾಗಽ ಕೂತೈತಿ! ಒಳ್ಳೇದಾತು, ತಂತೀನೂ ಬ್ಯಾಡ! ನಡೀ, ತುಟಿ ಅಳ್ಳಾಡಸು!"

ಹನ್ನೆರಡಾಯಿತು. ಕಂಪ್ಯೂಟರಿನ ಪರದೆಯ ತುಂಬ ಚೌಕಗಳು. ಚೌಕಕ್ಕೊಬ್ಬ ಸದಸ್ಯೆ, ಪ್ರತಿಯೊಬ್ಬಳ ಹಿಂದೆಯೂ ತಾನಾಗಿ ಅಲುಗಾಡುವ ಒಂದು ಬಾಗಿಲ ಪರದೆ. ನಡುವಿನಲ್ಲಿ ತಾಲೂಕಿನ ಸಾಹೇಬರು, ಪಕ್ಕದಲ್ಲಿ ಬಸ್ ಡಿಪೊ ಮ್ಯಾನೇಜರು.

"ಬೂದನಕೊಪ್ಪದ ಸದಸ್ಯೆ ಮಾತಾಡಿ. ಮೂರು ನಿಮಿಷ."

ಕಾಶವ್ವ ತುಟಿ ಬಿಚ್ಚುವ ಮೊದಲೇ ಬೆನ್ನ ಹಿಂದಿನಿಂದ ಅವಳ ದನಿ ಕೇಳಿತು: "ನಮಸ್ಕಾರ್ರಿ. ನಮ್ಮೂರಿಗೆ ಅಗದೀ ಜರೂರ ಬೇಕಾಗಿದ್ದಂದ್ರ ಮೈಕ್‌ಸೆಟ್ ಅಂಗಡಿ ಮುಂದ ಒಂದು ದೀಪದ ಕಂಬ..."

ಅವಳದೇ ದನಿ, ಅವಳದೇ ಎಳೆತ, ಅವಳಿಗೆ ಬೇಡವಾದ ಬೇಡಿಕೆ! ಹೊಸ್ತಿಲಲ್ಲಿ ಕೂತಿದ್ದ ಖಾಜಾಬಿ ತಲೆ ಬಗ್ಗಿಸಿದ್ದು ಕಾಣಿಸಿತು. ಸಾಹೇಬರು ಬರೆದುಕೊಳ್ಳಲು ಪೆನ್ನು ತೆಗೆದರು. ಪೆನ್ನು ಕಾಗದ ಮುಟ್ಟುವುದರೊಳಗೆ ಕಾಶವ್ವ ಎದ್ದು ಬಾಗಿಲ ಪರದೆಯತ್ತ ತಿರುಗಿದಳು.

"ಅಡಿವೆಪ್ಪಾ! ಬಾಯಿ ಮುಚ್ಚು!"

ಪರದೆಯ ಹಿಂದೆ ಯಾರೋ ಪಾತ್ರೆಯ ಮೇಲೆ ಬಿದ್ದ ಸದ್ದಾಯಿತು. ಚೌಕಗಳಲ್ಲಿ ಎಲ್ಲ ಸದಸ್ಯೆಯರೂ ಒಟ್ಟಿಗೆ ಬಾಯಿ ಮೇಲೆ ಕೈಯಿಟ್ಟರು. ಕಾಶವ್ವ ತಾನು ಹೇಳಿದ್ದನ್ನು ತಾನೇ ಕೇಳಿ ಕುರ್ಚಿಗೆ ಕುಸಿದಳು. ಬೆಳಗಿನಿಂದ ಕಾದಿದ್ದ ಕಂಪ್ಯೂಟರು ಮಾತ್ರ ಶಾಂತವಾಗಿ ಹೇಳಿತು: "ಹೆಸರು ಸರಿಯಾಗಿದೆ. ಅಳವಡಿಕೆ ಪೂರ್ಣ."

ಹಸಿರು ಗೆರೆ ನೂರು ಮುಟ್ಟಿತು. ಗಂಡಸಿನ ದನಿಯನ್ನು ಕಾಶವ್ವನ ದನಿ ಮಾಡುವ ಮೈಕು ಈಗ ಸಭೆಯಲ್ಲಿದ್ದ ಗಂಡಸರನ್ನೆಲ್ಲ ಹುಡುಕಿಕೊಂಡು ಹೊರಟಿತು!

"ಏನಿದು ಗಲಾಟೆ..." ಎಂದ ಸಾಹೇಬರು ತಮ್ಮ ಗಂಟಲು ಹಿಡಿದುಕೊಂಡರು. ಹೊರಬಂದದ್ದು ಕಾಶವ್ವನ ದನಿ. "ಸರ್, ನಿಮಗೇನಾಯಿತು?" ಎಂದ ಡಿಪೊ ಮ್ಯಾನೇಜರೂ ಕಾಶವ್ವನೇ! ಅಷ್ಟರಲ್ಲಿ ನಲವತ್ತು ಊರುಗಳ ಪರದೆಗಳ ಹಿಂದಿನಿಂದ ನಲವತ್ತು ಗಂಡಂದಿರು, "ಯಪ್ಪಾ! ನನ್ನ ದನಿ!" ಎಂದು ಕಾಶವ್ವನ ದನಿಯಲ್ಲಿ ಬೊಬ್ಬೆ ಹೊಡೆದರು. ಒಬ್ಬ ಮೀಸೆಯವನು ಪರದೆ ಹರಿದುಕೊಂಡೇ ಹೊರಬಿದ್ದ. ಅವನ ಹೆಂಡತಿ ತನ್ನ ಸ್ವಂತ ದನಿಯಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು.

ಕಾಶವ್ವ ಗಡಿಯಾರ ನೋಡಿದಳು. ಇನ್ನೂ ಎರಡು ನಿಮಿಷ ಉಳಿದಿತ್ತು.

"ನಾ ಕಾಶವ್ವ ಮಾತಾಡಾಕತ್ತೀನ್ರಿ. ಖರೇ ಕಾಶವ್ವ. ನಮ್ಮೂರಿನ ಏಳು ಹುಡುಗ್ಯಾರು ಕಾಲೇಜಿಗೆ ಹೊಕ್ಕಿದ್ರು. ಈಗ ನಾಕು ಮಂದಿ ಉಳದಾರ. ಕ್ರಾಸಿನಿಂದ ಜ್ವಾಳದಾಗ ಹಾದು ಬರಬೇಕು, ಕೂಗಿದ್ರ ಯಾರಿಗೂ ಕೇಳೂದಿಲ್ಲ. ಸಂಜೀ ಬಸ್ಸು ಊರೊಳಗ ಬರಬೇಕ್ರಿ."

"ಆ ರಸ್ತೆಗೆ ಬಸ್ಸು..." ಎಂದು ಶುರು ಮಾಡಿದ ಮ್ಯಾನೇಜರು ತನ್ನ ದನಿಗೆ ತಾನೇ ಬೆಚ್ಚಿ, ಕೈಮುಗಿದು, ಕಾಶವ್ವನ ದನಿಯಲ್ಲೇ ಗೋಗರೆದ. "ಬಿಡ್ತೀನಿ ತಾಯಿ, ಬಸ್ಸು ಬಿಡ್ತೀನಿ! ಮೊದಲು ನನ್ನ ಗಂಟಲು ಬಿಡು! ಇವತ್ತು ಹುಡುಗಿ ನೋಡೋಕೆ ಹೋಗಬೇಕು ನಾನು!"

"ಯಾವಾಗಿಂದ?"

"ಸೋಮವಾರದಿಂದ!"

"ಬರದು ಸಿಕ್ಕಾ ಹೊಡದು ಇಲ್ಲೆ ತೋರಸ್ರಿ."

ಮ್ಯಾನೇಜರು ಬರೆದ. ಸಾಹೇಬರು ಮೊಹರು ಒತ್ತಿ ಕಾಗದವನ್ನು ಕ್ಯಾಮೆರಾಕ್ಕೆ ಹಿಡಿದರು. ಕಾಶವ್ವ ಅಕ್ಷರಕ್ಕೆ ಬೆರಳಿಟ್ಟು ಪೂರ್ತಿ ಓದಿ, ಖಾಜಾಬಿಗೆ ಕಣ್ಸನ್ನೆ ಮಾಡಿದಳು. ಖಾಜಾಬಿ ಎರಡೂ ಕೈಯಿಂದ ತಂತಿ ಹಿಡಿದು ಕಿತ್ತಳು. ಭರಣಿ ಬಿದ್ದು ಒಡೆಯಿತು. ತಾಲೂಕಿನ ಗಂಡಸರ ದನಿಗಳೆಲ್ಲ ಆ ಗಳಿಗೆಯಲ್ಲೇ ತಂತಮ್ಮ ಗಂಟಲಿಗೆ ವಾಪಸಾದವಂತೆ.

ಒಬ್ಬನದು ಬಿಟ್ಟು. ಬಲವಂತವಾಗಿ ಕೂತದ್ದನ್ನು ಎಬ್ಬಿಸುವ ಗುಂಡಿಯನ್ನು ಅಡಿವೆಪ್ಪ ಮಾಡಿರಲೇ ಇಲ್ಲ.

ಸೋಮವಾರ ಸಂಜೆ ಬಸ್ಸು ಧೂಳೆಬ್ಬಿಸುತ್ತ ಊರೊಳಗೆ ಬಂತು. ಶಕೀಲಾಳ ಜೊತೆಗೆ ಐದು ಹುಡುಗಿಯರು ಇಳಿದರು. ಬಿಟ್ಟವರಲ್ಲಿ ಇಬ್ಬರು ಮತ್ತೆ ಸೇರಿದ್ದರು. ಅದೇ ಹೊತ್ತಿಗೆ ಅಡಿವೆಪ್ಪನ ಮೊಬೈಲು ರಿಂಗಾಯಿತು. ಪಕ್ಕದೂರಿನ ಮದುವೆಯವರು.

"ಯಕ್ಕಾರ, ಯಜಮಾನ್ರ ಕೈಯಾಗ ಕೊಡ್ರಿ ಫೋನು. ಮೈಕ್‌ಸೆಟ್ ಬೇಕಾಗಿತ್ತು."

"ನಾನಽ ಯಜಮಾನ!" ಎಂದ ಅಡಿವೆಪ್ಪ, ಇಂಪಾಗಿ.

"ಇರ್ಲಿ ಬಿಡವ್ವ, ಗಂಡಸರು ಯಾರರ ಇದ್ರ ಕೊಡು."

ಬೆಳಗಿನಿಂದ ಇದು ನಾಲ್ಕನೆಯ ಫೋನು. ಅಡಿವೆಪ್ಪ ಮೊಬೈಲನ್ನು ಹೆಂಡತಿಯ ಮುಂದೆ ಚಾಚಿದ. ಕಾಶವ್ವ ರೊಟ್ಟಿಯ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ಕಿವಿಗೆ ಹಿಡಿದಳು.

"ಅವರ ಪರವಾಗಿ ನಾನಽ ಮಾತಾಡೂದ್ರಿ. ಹೇಳ್ರಿ, ಎಷ್ಟ ಹಾರ್ನ ಬೇಕು?"